ಗುಲಾಮರ ವ್ಯಾಪಾರದಿಂದ ಆಫ್ರಿಕಾದ ಹಳ್ಳಿಗಳು ತಮ್ಮನ್ನು ಹೇಗೆ ಕಾಪಾಡಿಕೊಂಡವು?

ಪ್ರಶ್ನೆ:
ಯುರೋಪಿನವರ ಗುಲಾಮರ ವ್ಯಾಪಾರದಲ್ಲಿ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಹಡಗು ಹತ್ತಿಸಲಾಯಿತು, ಅವರಲ್ಲಿ ಅಟ್ಲಾಂಟಿಕ್ ದಾಟಿ ಜೀವಂತ ಇಳಿದವರು ಸುಮಾರು 1.07 ಕೋಟಿ ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಈ ವಿಷಯ ಬಂದಾಗಲೆಲ್ಲ ‘ಅಲ್ಲಿನ ಅರಸರೇ ತಮ್ಮ ಜನರನ್ನು ಮಾರಿದರು’ ಎಂದು ಹೇಳಿ ಮಾತು ಮುಗಿಸುವವರನ್ನು ಕಂಡಿದ್ದೇನೆ. ಅರಸರ ಸಂಗತಿ ಹಾಗಿರಲಿ, ಹಳ್ಳಿಯ ಜನ ಏನು ಮಾಡಿದರು? ತಿಳಿದವರು ದಯವಿಟ್ಟು ವಿವರಿಸಬೇಕು.

ಪ್ರತಿಕ್ರಿಯೆ 1:
‘ತಮ್ಮ ಜನ’ ಎಂಬ ಮಾತೇ ದಾರಿ ತಪ್ಪಿಸುತ್ತದೆ. ಪಶ್ಚಿಮ ಆಫ್ರಿಕಾದ ದಹೋಮಿ ರಾಜ್ಯದ ಸೈನಿಕರ ಕಣ್ಣಿಗೆ ಅವರು ಸೆರೆಹಿಡಿದವರು ಪರನಾಡಿನವರಾಗಿದ್ದರು. ಇಡೀ ಖಂಡದವರು ಒಂದೇ ಜನ ಎಂಬ ಭಾವನೆ ಆಗ ಅಲ್ಲಿರಲಿಲ್ಲ. ಅರಸರೆಲ್ಲ ಒಂದೇ ತೆರನಾಗಿಯೂ ಇರಲಿಲ್ಲ. ಯುದ್ಧದ ಸೆರೆಯಾಳುಗಳನ್ನು ಸ್ವತಃ ಮಾರುತ್ತಿದ್ದ ಕಾಂಗೋದ ದೊರೆ ಒಂದನೆಯ ಅಫೊನ್ಸೊ, ವರ್ತಕರು ತನ್ನ ಪ್ರಜೆಗಳನ್ನೂ ಬಂಧುಗಳನ್ನೂ ಕದ್ದೊಯ್ಯುತ್ತಿದ್ದಾರೆಂದು 1526ರಲ್ಲಿ ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದು ದೂರಿಕೊಂಡನು. ಇನ್ನು ಹಳ್ಳಿಯವರ ವಿಷಯಕ್ಕೆ ಬಂದರೆ, ಇಂದಿನ ಬೆನಿನ್ ದೇಶದ ನೊಕುಎ ಸರೋವರದ ನೀರಿನಲ್ಲಿ ಕಂಬಗಳನ್ನು ನೆಟ್ಟು ಕಟ್ಟಿದ ಗಾನ್ವಿಯೆ ಎಂಬ ಊರಿದೆ. ಸೆರೆಹಿಡಿಯಲು ಬರುವ ದಂಡಿನಿಂದ ತಪ್ಪಿಸಿಕೊಳ್ಳಲು ನೆಲ ಬಿಟ್ಟು ನೀರಿಗೆ ಬಂದ ತೊಫಿನು ಜನರ ಊರು ಅದು.

ಪ್ರತಿಕ್ರಿಯೆ 2:
ನನ್ನನ್ನು ಬಹಳ ಕಾಡಿದ್ದು ಇಂದಿನ ಗಿನಿ-ಬಿಸಾವಿನ ಬಲಾಂಟ ಜನರ ಕಥೆ. ಅವರಿಗೆ ಅರಸನಿರಲಿಲ್ಲ. ಸೆರೆಹಿಡಿಯುವವರ ಕಾಟ ಹೆಚ್ಚಿದಂತೆ ಅವರು ಕಡಲಂಚಿನ ಕಾಂಡ್ಲಾ ಕಾಡಿನ ಜೌಗು ನೆಲಕ್ಕೆ ಸರಿದು, ಮನೆಗಳನ್ನು ಒತ್ತೊತ್ತಾಗಿ ಕಟ್ಟಿ ಊರುಗಳನ್ನು ಭದ್ರಪಡಿಸಿಕೊಂಡರು. ಉಪ್ಪುನೀರಿಗೆ ಒಡ್ಡು ಹಾಕಿ ಭತ್ತ ಬೆಳೆಯುವ ಆ ದುಡಿಮೆಯನ್ನು ಊರಿನ ತರುಣರ ಗುಂಪುಗಳು ಹೊತ್ತುಕೊಂಡವು. ಆದರೆ ಬೇರು ತುಂಬಿದ ಆ ಕೆಸರನ್ನು ಕಡಿಯಲು ಕಬ್ಬಿಣ ಬೇಕಿತ್ತು, ಕಾವಲಿಗೂ ಕಬ್ಬಿಣ ಬೇಕಿತ್ತು, ಮತ್ತು ಅದನ್ನು ತರುತ್ತಿದ್ದ ವರ್ತಕರು ಬದಲಿಗೆ ಮನುಷ್ಯರನ್ನೇ ಕೇಳುತ್ತಿದ್ದರು. ಆದ್ದರಿಂದ ಬಲಾಂಟರೂ ಹೊರಗಿನವರ ಮೇಲೆ ದಾಳಿ ಮಾಡಿ, ಸಿಕ್ಕವರನ್ನು ಮಾರಿ ಕಬ್ಬಿಣ ಪಡೆದರು.

ಪ್ರಶ್ನೆ ಕೇಳಿದವರು:
ಹಾಗಾದರೆ ಅವರೂ ಈ ವ್ಯಾಪಾರದಲ್ಲಿ ಪಾಲುದಾರರೇ ಅಲ್ಲವೇ? ಇದನ್ನು ಪ್ರತಿರೋಧವೆಂದು ಕರೆಯುವುದು ನನಗೆ ಕಷ್ಟವಾಗುತ್ತಿದೆ.

ಪ್ರತಿಕ್ರಿಯೆ 2:
ನನಗೂ ಕಷ್ಟವಾಗಿದೆ, ಆ ಕಷ್ಟವನ್ನು ಸುಲಭ ಮಾಡಿಕೊಳ್ಳಬಾರದೆಂದೇ ನನ್ನ ಭಾವನೆ. ಅವರ ಕೈಗೆ ಸಿಕ್ಕು ಹಡಗು ಸೇರಿದವನಿಗೆ ಅವರ ಸಂಕಟ ಸಮಾಧಾನವಾಗಲಾರದು. ಆದರೂ ಲಾಭಕ್ಕಾಗಿ ಮಾರಿದವನನ್ನೂ, ಮಾರದಿದ್ದರೆ ನಾಳೆ ತನ್ನ ಮಗುವೇ ಮಾರಾಟವಾದೀತೆಂದು ಹೆದರಿದವನನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ, ಇಂಥ ಆಯ್ಕೆಯನ್ನು ಅವರ ಮುಂದಿಟ್ಟ ಖರೀದಿದಾರ ನಮ್ಮ ಕಣ್ಣಿಂದ ಮರೆಯಾಗುತ್ತಾನೆ.

ಪ್ರತಿಕ್ರಿಯೆ 3:
ಆ ಖರೀದಿದಾರರು ತಂದ ಸರಕಿನಲ್ಲಿ ಗುಜರಾತ್ ಮತ್ತು ಕೋರಮಂಡಲ ತೀರದ ಹತ್ತಿಬಟ್ಟೆಯೂ, ಮಾಲ್ದೀವ್ಸಿನ ಕವಡೆಯೂ ಸೇರಿದ್ದವು ಎಂಬುದನ್ನು ಇಲ್ಲಿ ಸೇರಿಸಬೇಕೆನಿಸಿತು. ನಮ್ಮ ಕಡಲಿನ ಸರಕು ಅಲ್ಲಿ ಮನುಷ್ಯರ ಬೆಲೆಯಾಗಿ ಎಣಿಕೆಯಾಗುತ್ತಿತ್ತು.