ಅಪ್‌ಡೇಟ್: ಕಡಲೆ ಪಾಸ್ತಾ ಕೊನೆಗೂ ಹದವಾಗಿ ಬಂತು

ಇಟಲಿಯವರು ಕಾಬೂಲ್ ಕಡಲೆ ಹಾಕಿ ಮಾಡುವ ಪಾಸ್ತಾ ಎ ಚೆಚಿ ನಮ್ಮನೇಲಿ ಯಾಕೆ ತಿಳಿಸಾರಿನ ಥರ ನೀರು ನೀರಾಗುತ್ತೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಯ್ತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು ಕಡಲೆ ಅರೆದು ಹಾಕುವ ಸಲಹೆ. ಬೆಂದ ಕಡಲೆಯಲ್ಲಿ ಮೂರನೇ ಒಂದು ಪಾಲನ್ನ ಅದು ಬೆಂದ ನೀರಿನ ಜೊತೆನೇ ಮಿಕ್ಸಿಗೆ ಹಾಕಿದೆ. ಆಲಿವ್ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ರೋಸ್‌ಮೆರಿ ಸೊಪ್ಪು, ಒಂದು ಟೊಮ್ಯಾಟೊ ಬಾಡಿಸಿ, ಅರೆದಿದ್ದು, ಉಳಿದ ಕಡಲೆ, ನೀರು ಎಲ್ಲಾ ಸೇರಿಸಿ ಕುದಿಸಿದೆ. ಪಾಸ್ತಾನ ಬೇರೆ ಬೇಯಿಸದೆ ನೇರ ಅದಕ್ಕೇ ಹಾಕಿದೆ. ಅದು ಬಿಡುವ ಗಂಜಿ ಪೂರ್ತಿ ಒಳಗೇ ಉಳಿಯುತ್ತೆ. ಸೌಟು ಎತ್ತಿದರೆ ನಿಧಾನಕ್ಕೆ ಜಾರಿ ಬೀಳುವಷ್ಟು ಹದ. ತಳ ಬೇಗ ಹಿಡಿಯುತ್ತೆ, ಕೈಯಾಡಿಸ್ತಾನೇ ಇರಬೇಕು.

ಗಟ್ಟಿಯಾಗೋಕೆ ಕಾರ್ನ್‌ಫ್ಲೋರ್ ಹಾಕಿ ಅಂದಿದ್ದು ನನಗೆ ಹಿಡಿಸಲಿಲ್ಲ. ಗಟ್ಟಿಯೇನೋ ಆಯ್ತು, ಆದರೆ ಲೋಳೆ ಲೋಳೆ. ಕ್ರೀಮ್ ಹಾಕಿದರೆ ಕಡಲೆ ರುಚಿನೇ ಮುಚ್ಚಿಹೋಗುತ್ತೆ. ನೆನೆಹಾಕುವಾಗ ಚಿಟಿಕೆ ಅಡುಗೆ ಸೋಡಾ ಹಾಕಿ ಅಂದಿದ್ದು ಮಾತ್ರ ಒಳ್ಳೇ ಮಾತು, ಸಿಪ್ಪೆ ಮೆತ್ತಗಾಗಿ ನುಣ್ಣಗೆ ಅರೆಯುತ್ತೆ.

ಹುಡುಕುವಾಗ ಗೊತ್ತಾಗಿ ಆಶ್ಚರ್ಯ ಆಗಿದ್ದು: ಇದರ ಮೇಲೆ ತುರಿದು ಹಾಕೋ ಪಾರ್ಮಿಜಾನೊ ರೆಜಾನೊ ಚೀಸ್‌ನಲ್ಲಿ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸ್ತಾರೆ. ಸಸ್ಯಾಹಾರಿಗಳು ಯಾವ ಚೀಸ್ ಆದರೂ ಪ್ಯಾಕೆಟ್ ಓದಿಯೇ ತಗೊಳ್ಳಿ. ಇಟಲಿಯ ದಕ್ಷಿಣದ ಸಲೆಂಟೊ ಕಡೆ ಚಿಚೆರಿ ಎ ತ್ರಿಯಾ ಅಂತ ಇದೇ ಥರ ಕಡಲೆ ಪಾಸ್ತಾ ಮಾಡ್ತಾರೆ, ಅದರಲ್ಲಿ ಸ್ವಲ್ಪ ಪಾಸ್ತಾ ಪಟ್ಟಿಗಳನ್ನ ಎಣ್ಣೆಯಲ್ಲಿ ಕರಿದು ಸೇರಿಸ್ತಾರೆ. ನಾನೂ ಹಿಟ್ಟು ಲಟ್ಟಿಸಿ, ಪಟ್ಟಿ ಕತ್ತರಿಸಿ, ಕರಿದು ಮೇಲೆ ಉದುರಿಸಿದೆ. ಚೀಸ್ ಬೇಕು ಅಂತಲೇ ಅನ್ನಿಸಲಿಲ್ಲ.