ಮೂರು ಮುನ್ಸೂಚನೆ, ಮೂರು ಮಾತು: ಚಳಿಗಾಲದಲ್ಲಿ ಯಾವುದನ್ನು ನಂಬೋದು?

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಚಳಿಗಾಲದ ನಡುವೆ ಒಂದು ಪ್ರಯಾಣ ಇದೆ. ಬೆಳಗಿನ ಜಾವ ಮೂರು ಗಂಟೆ ಕಾರಿನಲ್ಲಿ, ಆಮೇಲೆ ಸಣ್ಣ ವಿಮಾನ, ಅದೇ ಮಧ್ಯಾಹ್ನ ದೋಣಿಯಲ್ಲಿ ಒಂದು ದ್ವೀಪಕ್ಕೆ. ಜೊತೆಗೆ ವಯಸ್ಸಾದ ಅಮ್ಮ ಇದ್ದಾರೆ. ಹೋದ ವರ್ಷ ಇದೇ ದಾರಿಯಲ್ಲಿ ಪೇಚಿಗೆ ಸಿಕ್ಕಿಕೊಂಡಿದ್ದೆ. ಫೋನಿನಲ್ಲಿ ನಗುವ ಸೂರ್ಯನ ಚಿತ್ರ, ಕನಿಷ್ಠ ತಾಪಮಾನ 3 ಡಿಗ್ರಿ. ರಸ್ತೆಗಿಳಿದರೆ ಐಸ್. ಮಂಜು ಕವಿದು ವಿಮಾನ ನಾಲ್ಕು ಗಂಟೆ ತಡ. ಕಡಲ ತೀರ ತಲುಪಿದಾಗ ಗಾಳಿಯೇ ಇಲ್ಲ, ಆದರೂ ದೋಣಿ ಬಿಡಲ್ಲ ಅಂದರು. ನೆಲಕ್ಕೊಂದು, ವಿಮಾನಕ್ಕೊಂದು, ಕರಾವಳಿಯ ನೀರಿಗೊಂದು ಮುನ್ಸೂಚನೆ ಬರುತ್ತೆ. ಒಂದಕ್ಕೊಂದು ತಾಳೆಯೇ ಆಗಲ್ಲ. ಇದನ್ನು ಓದೋದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಲಾರಿ ಓಡಿಸುವವನು:
ಆ 3 ಡಿಗ್ರಿಯ ಗುಟ್ಟು ನಾನು ಹೇಳ್ತೀನಿ. ಅದು ರಸ್ತೆಯ ತಾಪಮಾನ ಅಲ್ಲ. ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ನೆರಳಿನಲ್ಲಿ ಅಳೆಯುವ ಗಾಳಿಯ ತಾಪಮಾನ. ಆಕಾಶ ತಿಳಿಯಾಗಿದ್ದು ಗಾಳಿ ನಿಂತ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಬಿಡುತ್ತೆ. ಆಗ ನೆಲ ಗಾಳಿಗಿಂತ ನಾಲ್ಕೈದು ಡಿಗ್ರಿ ತಣ್ಣಗಾಗಬಹುದು. ಕಾಗದದ ಮೇಲೆ 3, ಟೈರಿನ ಕೆಳಗೆ ಸೊನ್ನೆಗಿಂತ ಕಡಿಮೆ. ಮೋಡ ಇದ್ದರೆ ಹೀಗೆ ಆಗೋದು ಕಡಿಮೆ, ಅದು ಕಂಬಳಿ ಹೊದಿಸಿದ ಹಾಗೆ. ಅದಕ್ಕೇ ನಿಮ್ಮ ನಗುವ ಸೂರ್ಯ ಕಂಡರೆ ನನಗೆ ಖುಷಿ ಆಗಲ್ಲ. ಹಗಲು ಬಿಸಿಲು ಅಂದರೆ ಹಿಂದಿನ ರಾತ್ರಿ ಆಕಾಶ ತೆರೆದಿತ್ತು ಅಂತ ಅರ್ಥ ಇರಬಹುದಲ್ವಾ?

ಸೇತುವೆ ಬಗ್ಗೆ ಬೇರೆಯಾಗಿಯೇ ಹೇಳಬೇಕು. ರಸ್ತೆಗೆ ಕೆಳಗಿನಿಂದ ಮಣ್ಣಿನ ಬಿಸಿ ಸ್ವಲ್ಪ ಸಿಗುತ್ತೆ. ಸೇತುವೆಗೆ ಮೇಲೂ ತಣ್ಣನೆ ಗಾಳಿ, ಕೆಳಗೂ ತಣ್ಣನೆ ಗಾಳಿ. ಮೊದಲು ಹೆಪ್ಪುಗಟ್ಟೋದೇ ಅದು. ಒಮ್ಮೆ ಐವತ್ತು ಕಿಲೋಮೀಟರ್ ಒಣ ರಸ್ತೆಯಲ್ಲಿ ಆರಾಮಾಗಿ ಬಂದವನು ಒಂದು ಪುಟ್ಟ ಸೇತುವೆ ಮೇಲೆ ಗಾಡಿ ಅಡ್ಡ ತಿರುಗಿಸಿಕೊಂಡು ನಿಂತಿದ್ದೆ. ಬ್ರೇಕ್ ಒತ್ತಿದ್ದೇ ತಪ್ಪು. ರಸ್ತೆ ಬರೀ ಒದ್ದೆಯಾಗಿ, ಕಪ್ಪಗೆ ಕಾಣುತ್ತಿತ್ತು, ಅಷ್ಟೇ.

ಇನ್ನೊಂದು ಮಾತು. ಮುನ್ಸೂಚನೆಯಲ್ಲಿ "ಹೆಪ್ಪುಗಟ್ಟುವ ಮಳೆ" ಅಂತ ಕಂಡರೆ ಗಾಡಿ ತೆಗೆಯಲೇ ಬೇಡಿ. ಮೇಲೆ ಬೆಚ್ಚನೆ ಪದರದಲ್ಲಿ ಹಿಮ ಕರಗಿ ನೀರಾಗುತ್ತೆ. ಕೆಳಗಿನ ತಣ್ಣನೆ ಪದರ ದಾಟುವಾಗ ಆ ನೀರು ಸೊನ್ನೆಗಿಂತ ತಣ್ಣಗಾದರೂ ನೀರಾಗಿಯೇ ಉಳಿದು, ರಸ್ತೆಗೆ ತಾಗಿದ ಕೂಡಲೇ ಗಾಜಾಗುತ್ತೆ. ಹಿಮದ ಮೇಲಾದರೂ ಹೆಂಗೋ ಓಡಿಸಬಹುದು, ಇದರ ಮೇಲೆ ಆಗಲ್ಲ.

ತೋಟದವರು:
ಲಾರಿ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಒಂದು ಥರ್ಮಾಮೀಟರ್ ಗೋಡೆಗೆ, ಇನ್ನೊಂದು ಹುಲ್ಲಿನ ಮಟ್ಟಕ್ಕೆ ಇಟ್ಟಿದ್ದೀನಿ. ಎರಡೂ ಒಂದೇ ಅಂಕಿ ತೋರಿಸಿದ ತಿಳಿಯಾದ ರಾತ್ರಿ ನನಗೆ ನೆನಪಿಲ್ಲ.

ಅವಸರದವರು:
ಇಷ್ಟೆಲ್ಲ ಯಾಕೆ ಸ್ವಾಮಿ? ಆ್ಯಪ್ ನೋಡಿ, ಮಳೆ 40 ಪರ್ಸೆಂಟ್ ಅಂದರೆ ಹೊರಡಿ, 80 ಅಂದರೆ ಮನೆಯಲ್ಲಿರಿ.

ವಿಮಾನ ನಿಲ್ದಾಣದ ಕೆಲಸದವಳು:
ಅವಸರದವರೇ, 40 ಪರ್ಸೆಂಟ್ ಅಂದರೆ ಅಂಥ ಹತ್ತು ದಿನಗಳಲ್ಲಿ ನಾಲ್ಕು ದಿನ ಮಳೆ ಬೀಳುತ್ತೆ ಅಂತ. ಸಣ್ಣ ಮಳೆಯೋ ದೊಡ್ಡ ಮಳೆಯೋ, ಎಷ್ಟು ಹೊತ್ತಿಗೋ, ಅದು ಹೇಳಲ್ಲ. ಮಂಜಿನ ಬಗ್ಗೆಯಂತೂ ಆ ಸಂಖ್ಯೆಯಲ್ಲಿ ಒಂದಕ್ಷರ ಇಲ್ಲ. ಕೇಳಿದವರ ವಿಮಾನ ನಿಂತಿದ್ದು ಮಳೆಗಲ್ಲ.

ಕೇಳಿದವರಿಗೆ: ವಿಮಾನ ನಿಲ್ದಾಣದ ಮುನ್ಸೂಚನೆಗೆ ಟ್ಯಾಫ್ ಅಂತಾರೆ. ನಿಲ್ದಾಣ ಮತ್ತು ಅದರ ಸುತ್ತಲ ಎಂಟು ಕಿಲೋಮೀಟರಿಗೆ ಮಾತ್ರ ಅದು. ನಿಮ್ಮ ಊರಿನ ಹವಾಮಾನಕ್ಕೂ ಅದಕ್ಕೂ ತಾಳೆ ಆಗದಿದ್ದರೆ ತಪ್ಪೇನಿಲ್ಲ. ಮೊದಲು ಗಂಟೆ ನೋಡಿ. ಅದರಲ್ಲಿ ಬರೆಯೋದು ಯುಟಿಸಿ, ಲೋಕಕ್ಕೆಲ್ಲ ಒಂದೇ ಗಡಿಯಾರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಮರೆತು ನನ್ನ ಸ್ವಂತ ಅಕ್ಕನಿಗೇ "ಮಂಜು ಅಷ್ಟು ಹೊತ್ತಿಗೆ ಬಿಟ್ಟಿರುತ್ತೆ, ಬಾ" ಅಂದುಬಿಟ್ಟೆ. ಪಾಪ, ಬಂದು ಬೆಂಚಿನ ಮೇಲೆ ಅರ್ಧ ದಿನ ಕೂತಳು. ಈಗಲೂ ಆಡಿಕೊಳ್ತಾಳೆ.

ಆಮೇಲೆ ಪದಗಳು. ಟೆಂಪೋ ಅಂತ ಇದ್ದರೆ ಅದು ಸಾಮಾನು ಸಾಗಿಸೋ ಗಾಡಿ ಅಲ್ಲ. ಆ ಸ್ಥಿತಿ ಬಂದುಹೋಗುತ್ತೆ, ಒಂದು ಸಲಕ್ಕೆ ಒಂದು ಗಂಟೆಯೊಳಗೆ, ಒಟ್ಟು ಸೇರಿದರೂ ಕೊಟ್ಟ ಅವಧಿಯ ಅರ್ಧಕ್ಕಿಂತ ಕಡಿಮೆ ಅಂತ ಅರ್ಥ. ಪ್ರಾಬ್ 30, ಪ್ರಾಬ್ 40 ಅಂದರೆ ಅಷ್ಟು ಪರ್ಸೆಂಟ್ ಸಾಧ್ಯತೆ. ಮೋಡದ ಎತ್ತರ ನೂರು ಅಡಿಗಳ ಲೆಕ್ಕದಲ್ಲಿರುತ್ತೆ, 003 ಅಂದರೆ 300 ಅಡಿ. ಗೋಚರತೆ 9999 ಅಂತಿದ್ದರೆ ಹತ್ತು ಕಿಲೋಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಕಾಣುತ್ತೆ. ಒಂದು ಕಿಲೋಮೀಟರಿಗಿಂತ ಕಡಿಮೆ ಕಂಡರೆ ಮಾತ್ರ ನಮ್ಮ ಲೆಕ್ಕದಲ್ಲಿ ಅದು ಮಂಜು.

ನಾನು ದಿನಾ ಮಾಡೋ ಒಂದು ಕೆಲಸ ಹೇಳ್ತೀನಿ, ಯಾರು ಬೇಕಾದರೂ ಮಾಡಬಹುದು. ಈಗಿನ ಸ್ಥಿತಿ ಹೇಳುವ ವರದಿಗೆ ಮೆಟಾರ್ ಅಂತಾರೆ, ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಬರುತ್ತೆ. ಅದರಲ್ಲಿ 06/02 ಅಂತ ಎರಡು ಅಂಕಿ ಇರುತ್ತೆ. ಮೊದಲನೆಯದು ತಾಪಮಾನ, ಎರಡನೆಯದು ಇಬ್ಬನಿ ಬಿಂದು, ಅಂದರೆ ಗಾಳಿಯಲ್ಲಿರೋ ತೇವ ಹನಿಗಟ್ಟಲು ಶುರುವಾಗುವ ತಾಪಮಾನ. ಸಂಜೆಯಿಂದ ಇವೆರಡರ ಅಂತರ ನೋಡುತ್ತಾ ಬನ್ನಿ. 06/02, 04/02, 03/02 ಅಂತ ಹತ್ತಿರ ಬರುತ್ತಿದೆ, ಗಾಳಿ ನಿಂತಿದೆ, ಆಕಾಶ ತಿಳಿಯಾಗಿದೆ, ನೆಲ ಒದ್ದೆ ಇದೆ ಅಂದರೆ ಮುಂಜಾನೆ ಮಂಜು ಬಹುಮಟ್ಟಿಗೆ ಖಚಿತ. ಅಂಕಿಯ ಮುಂದೆ ಎಂ ಇದ್ದರೆ ಸೊನ್ನೆಗಿಂತ ಕಡಿಮೆ ಅಂತ.

ಸಣ್ಣ ವಿಮಾನ ಅಂದಿರಿ, ಅದು ಮುಖ್ಯ. ಒಂದೇ ಮಂಜಿನಲ್ಲಿ ದೊಡ್ಡ ವಿಮಾನ ಇಳಿಯುತ್ತೆ, ಸಣ್ಣದು ಇಳಿಯಲ್ಲ. ಉಪಕರಣ ನೋಡಿಕೊಂಡು ಇಳಿಯುವ ಮೊದಲ ದರ್ಜೆಯ, ಅಂದರೆ ಎಲ್ಲಕ್ಕಿಂತ ಕೆಳಗಿನ ಹಂತದ ವ್ಯವಸ್ಥೆಗೇ ರನ್‌ವೇ ಮೇಲೆ ಕನಿಷ್ಠ 550 ಮೀಟರ್ ಕಾಣಬೇಕು. ಆ ವ್ಯವಸ್ಥೆಯೂ ಇಲ್ಲದ ನಿಲ್ದಾಣದಲ್ಲಿ ಇನ್ನೂ ಜಾಸ್ತಿ ಬೇಕು. ಪಕ್ಕದ ಕಂಪನಿಯ ವಿಮಾನ ಹೋಯಿತು, ನಮ್ಮದು ಯಾಕಿಲ್ಲ ಅಂತ ಕೌಂಟರಿನಲ್ಲಿ ಜಗಳ ಆಡಬೇಡಿ, ಪ್ಲೀಸ್. ರೆಕ್ಕೆ ಮೇಲಿನ ಐಸ್ ತೆಗೆಯೋಕೂ ಸಮಯ ಹಿಡಿಯುತ್ತೆ. ನೀಲಿ ಆಕಾಶ ಇದ್ದರೂ ಬೆಳಗಿನ ಮೊದಲ ವಿಮಾನಕ್ಕೆ ಅದು ತಪ್ಪಲ್ಲ.

ಕೇಳಿದವರು:
ಮೇಡಂ, ಹಾಗಾದರೆ ಹನ್ನೊಂದರ ವಿಮಾನಕ್ಕೆ ಬದಲಾಯಿಸಿದರೆ ಮಂಜು ಬಿಟ್ಟಿರುತ್ತಾ?

ವಿಮಾನ ನಿಲ್ದಾಣದ ಕೆಲಸದವಳು:
ಬಹಳ ಸಲ ಬಿಟ್ಟಿರುತ್ತೆ. ಆದರೆ ಚಳಿಗಾಲದ ಸೂರ್ಯ ಸೋಮಾರಿ. ಮಂಜಿನ ಮೇಲೆ ಇನ್ನೊಂದು ಪದರ ಮೋಡ ಬಂದು ಕೂತರೆ ಇಡೀ ದಿನ ಏಳಲ್ಲ. ಸಮುದ್ರದಿಂದ ತೇಲಿಬರುವ ಮಂಜಿಗಂತೂ ಸೂರ್ಯನ ಹಂಗೇ ಇಲ್ಲ, ಸಾಮಾನ್ಯವಾಗಿ ಗಾಳಿ ದಿಕ್ಕು ಬದಲಾದರೇನೇ ಹೋಗೋದು. ಹನ್ನೊಂದರದ್ದು ತಗೊಳ್ಳಿ, ಆದರೆ ದೋಣಿಯನ್ನು ಅದೇ ದಿನಕ್ಕೆ ಕಟ್ಟಿಹಾಕಬೇಡಿ.

ದೋಣಿಯವನು:
ಕಡಲಿನ ವಿಷಯ ನನಗೆ ಬಿಡಿ. "ಗಾಳಿಯೇ ಇಲ್ಲ, ಆದರೂ ದೋಣಿ ಬಿಡಲಿಲ್ಲ" ಅಂದಿರಲ್ಲ, ಬಿಡದೆ ಇದ್ದವರಿಗೆ ಒಂದು ನಮಸ್ಕಾರ ಹಾಕಿ.

ಅಲೆ ಎರಡು ಥರ. ಇಲ್ಲಿಯ ಗಾಳಿ ಎಬ್ಬಿಸಿದ್ದು ಒಂದು. ಸಾವಿರಾರು ಕಿಲೋಮೀಟರ್ ಆಚೆ ಎಲ್ಲೋ ಎದ್ದ ಬಿರುಗಾಳಿ ಕಳಿಸಿಕೊಟ್ಟದ್ದು ಇನ್ನೊಂದು, ಅದಕ್ಕೆ ಸ್ವೆಲ್ ಅಂತಾರೆ. ಎರಡನೆಯದು ಬರುವಾಗ ಇಲ್ಲಿ ಎಲೆಯೂ ಅಲ್ಲಾಡದೆ ಇರಬಹುದು. ಆಳದ ನೀರಿನಲ್ಲಿ ಅದು ತೊಟ್ಟಿಲು ತೂಗಿದ ಹಾಗೆ, ಏನೂ ಮಾಡಲ್ಲ. ಅಳಿವೆ ಬಾಯಿಗೆ, ಆಳ ಕಡಿಮೆ ಇರೋ ಕಡೆಗೆ ಬಂದಾಗ ನೋಡಿ, ಎದ್ದು ನಿಂತು ಮುರಿಯುತ್ತೆ. ಮುನ್ಸೂಚನೆಯಲ್ಲಿ ಅಲೆಯ ಎತ್ತರದ ಜೊತೆ ಸೆಕೆಂಡಿನಲ್ಲಿ ಒಂದು ಸಂಖ್ಯೆ ಇರುತ್ತೆ, ಒಂದು ಅಲೆಯಿಂದ ಮುಂದಿನ ಅಲೆಗೆ ಹಿಡಿಯುವ ಹೊತ್ತು. ಒಂದೂವರೆ ಮೀಟರ್, 5 ಸೆಕೆಂಡ್ ಅಂದರೆ ಬರೀ ಕುಲುಕಾಟ, ಅಮ್ಮನಿಗೆ ವಾಂತಿ ಬರಬಹುದು. ಒಂದೂವರೆ ಮೀಟರ್, 14 ಸೆಕೆಂಡ್ ಅಂದರೆ ಬಂದರಿನ ಬಾಯಿಯಲ್ಲಿ ಅಪಾಯ. ಜನ ಎತ್ತರ ಮಾತ್ರ ನೋಡ್ತಾರೆ. ನಾನೂ ಮೊದಲು ಹಾಗೇ ಇದ್ದೆ. ಒಂದು ದಿನ ಕನ್ನಡಿಯಂಥ ನೀರಿನಿಂದ ವಾಪಸ್ ಬರುವಾಗ ಅಳಿವೆಯಲ್ಲಿ ಹಿಂದಿನಿಂದ ಅಲೆ ಎತ್ತಿ ದೋಣಿಯನ್ನು ಅಡ್ಡ ಹಾಕಿತು. ಮಗುಚಲಿಲ್ಲ, ಅದೊಂದು ಪುಣ್ಯ. ಅವತ್ತಿನಿಂದ ಮೊದಲು ಸೆಕೆಂಡ್ ನೋಡ್ತೀನಿ, ಆಮೇಲೆ ಮೀಟರ್.

ಆ ಎತ್ತರವೂ ಪೂರ್ತಿ ಕಥೆ ಅಲ್ಲ. ಅದು ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ. ನಡುವೆ ಒಂದೊಂದು ಅದರ ಎರಡರಷ್ಟು ಬಂದೀತು. ಗಾಳಿಯ ಸಂಖ್ಯೆಯೂ ಸರಾಸರಿಯೇ, ರಭಸದ ಬೀಸು ಅದಕ್ಕಿಂತ ಜಾಸ್ತಿ ಇರುತ್ತೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್, ಎರಡು ಅಂತ ಲೆಕ್ಕ ಹಾಕಿದರೂ ನಡೆಯುತ್ತೆ. ಗಾಳಿಯ ಬಲ ಹೇಳುವ ಬ್ಯೂಫರ್ಟ್ ಮಾಪನದಲ್ಲಿ 6 ಅಂದರೆ 22ರಿಂದ 27 ನಾಟ್, ಆಗ ನಾನು ಪ್ರಯಾಣಿಕರನ್ನು ಹತ್ತಿಸಲ್ಲ. ಮತ್ತೆ, ಗಾಳಿಯ ದಿಕ್ಕು ಅಂದರೆ ಅದು ಎಲ್ಲಿಂದ ಬರುತ್ತೋ ಆ ಕಡೆ. ಪ್ರವಾಹದ ದಿಕ್ಕು ಅಂದರೆ ಅದು ಎಲ್ಲಿಗೆ ಹೋಗುತ್ತೋ ಆ ಕಡೆ. ಯಾರು ಹೀಗೆ ಮಾಡಿಟ್ಟರೋ! ಇಳಿತದ ನೀರು ಒಂದು ಕಡೆ, ಗಾಳಿ ಅದಕ್ಕೆ ಎದುರು ಬಂದರೆ ಅಲೆ ಕಡಿದಾಗುತ್ತೆ. ಹಾಗಾಗಿ ಉಬ್ಬರ ಇಳಿತದ ಪಟ್ಟಿಯನ್ನೂ ಜೊತೆಗೆ ಇಟ್ಟುಕೊಳ್ಳಿ.

ನಿವೃತ್ತ ಮೇಷ್ಟ್ರು:
ಸಣ್ಣ ಸೇರ್ಪಡೆ. ಬ್ರಿಟಿಷ್ ನೌಕಾಧಿಕಾರಿ ಬ್ಯೂಫರ್ಟ್ ತನ್ನ ಮಾಪನವನ್ನು 1805ರ ಹೊತ್ತಿಗೆ ಮಾಡಿದಾಗ ಅದರಲ್ಲಿ ಗಾಳಿಯ ವೇಗವೇ ಇರಲಿಲ್ಲ. ಇಷ್ಟು ಗಾಳಿಗೆ ಹಡಗು ಎಷ್ಟು ಹಾಯಿ ಬಿಚ್ಚಬಹುದು ಅನ್ನೋದಷ್ಟೇ ಲೆಕ್ಕ. 1859ರಲ್ಲಿ ರಾಯಲ್ ಚಾರ್ಟರ್ ಅನ್ನೋ ಹಡಗು ಬಿರುಗಾಳಿಗೆ ಒಡೆದು ನಾನೂರಕ್ಕೂ ಜಾಸ್ತಿ ಜನ ಸತ್ತರು. ಆಮೇಲೆ ಬ್ರಿಟನ್ನಿನ ಹವಾಮಾನ ಕಚೇರಿಯ ಮುಖ್ಯಸ್ಥ ರಾಬರ್ಟ್ ಫಿಟ್ಜ್‌ರಾಯ್ 1861ರಲ್ಲಿ ಬಂದರುಗಳಿಗೆ ಟೆಲಿಗ್ರಾಫಿನಲ್ಲಿ ಬಿರುಗಾಳಿಯ ಎಚ್ಚರಿಕೆ ಕಳಿಸಲು ಶುರು ಮಾಡಿದ. ಪತ್ರಿಕೆಯಲ್ಲಿ ದಿನದ ಮುನ್ಸೂಚನೆ ಬಂದಿದ್ದು ಅದೇ ವರ್ಷ ಆಗಸ್ಟಿನಲ್ಲಿ. ನಾವಿಕನಿಗೆ ಮೊದಲು, ನೆಲದವರಿಗೆ ಆಮೇಲೆ. ನಿಮ್ಮ ಮೂರು ಹಾಳೆ ತಾಳೆ ಆಗದೆ ಇರೋದು ಇದಕ್ಕೇ. ಒಂದು ರೈತನಿಗೆ, ಒಂದು ಪೈಲಟ್‌ಗೆ, ಒಂದು ನಾವಿಕನಿಗೆ ಉತ್ತರ ಕೊಡುತ್ತೆ. ಪ್ರಶ್ನೆಗಳೇ ಬೇರೆ.

ದೋಣಿಯವನು:
ಮೇಷ್ಟ್ರೇ, ಇದು ನನಗೆ ಗೊತ್ತಿರಲಿಲ್ಲ. ಅಮ್ಮನ ವಿಷಯ ಮರೆತಿದ್ದೆ. ಗಾಳಿ ಇಲ್ಲದ ದಿನವೂ ದೋಣಿ 20 ನಾಟ್‌ನಲ್ಲಿ ಹೋದರೆ ಮುಖಕ್ಕೆ 20 ನಾಟ್ ಗಾಳಿ ಹೊಡೆಯುತ್ತೆ. ತಾಪಮಾನ ಅಷ್ಟೇ ಇದ್ದರೂ ಮೈಯ ಬಿಸಿ ಬೇಗ ಹೋಗುತ್ತೆ. ಅವರನ್ನು ಕ್ಯಾಬಿನ್ ಒಳಗೇ ಕೂರಿಸಿ, ಕಿವಿ ಮುಚ್ಚಲಿ. ಲೈಫ್ ಜಾಕೆಟ್ ಸ್ವೆಟರಿನ ಮೇಲೆ ಹಾಕಬೇಕು, ಒಳಗಲ್ಲ. ತಣ್ಣನೆ ನೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರೇ ಹತೋಟಿಗೆ ಬರಲ್ಲ, ಆಗ ಜಾಕೆಟ್ ಹುಡುಕೋಕೆ ಆಗಲ್ಲ.

ಕೇಳಿದವರು:
ತುಂಬಾ ಉಪಕಾರ ಆಯಿತು. ಬೆಳಗಿನ ಜಾವದ ಕಾರು ಬಿಟ್ಟೆ. ಹಿಂದಿನ ದಿನ ಮಧ್ಯಾಹ್ನವೇ ಹೊರಟು ನಿಲ್ದಾಣದ ಹತ್ತಿರ ಉಳಿಯೋದು, ಹನ್ನೊಂದರ ವಿಮಾನ, ದೋಣಿ ಮರುದಿನ. ದೋಣಿಯವರೇ, ಮರುದಿನ ಎಷ್ಟು ಹೊತ್ತಿಗೆ ಒಳ್ಳೇದು?

ದೋಣಿಯವನು:
ಈಗಲೇ ಹೇಳಿದರೆ ಸುಳ್ಳಾಗುತ್ತೆ. ಹಿಂದಿನ ಸಂಜೆಯ ಮುನ್ಸೂಚನೆ ನೋಡಿ, ಬೆಳಿಗ್ಗೆ ಬರೋ ಹೊಸದನ್ನೂ ನೋಡಿ. ಎರಡರ ನಡುವೆ ಸಂಖ್ಯೆ ಏರುತ್ತಿದ್ದರೆ ಇನ್ನೊಂದು ದಿನ ಅಲ್ಲೇ ಇರಿ.