ರೇಸ್ ಇಳಿಯದ ಹಳೆಯ ಕಾರು: ಮೇಸ್ತ್ರಿಯವರಿಗೆ ಪ್ರಶ್ನೆಗಳು

ಧಾರವಾಡದ ಸದಸ್ಯರು: ಮೇಸ್ತ್ರಿಯವರಿಗೆ ನಮಸ್ಕಾರ. ನಮ್ಮದು ಕಾರ್ಬೊರೇಟರ್ ಇರುವ 1996ರ ಮಾರುತಿ 800. ಬೆಳಿಗ್ಗೆ ಚೋಕ್ ಎಳೆದು ಚಾಲೂ ಮಾಡಿದರೆ, ಗುಂಡಿಯನ್ನು ಒಳಗೆ ಒತ್ತಿದ ಮೇಲೂ ನವಲೂರು ದಾಟುವವರೆಗೆ ಇಂಜಿನ್ ರೇಸಿನಲ್ಲಿಯೇ ಇರುತ್ತದೆ. ಕಾರಣವೇನಿರಬಹುದು?

ಮೇಸ್ತ್ರಿ, ಹುಬ್ಬಳ್ಳಿ: ನಮಸ್ಕಾರ. ಗುಂಡಿ ಒಳಗೆ ಹೋದ ಮಾತ್ರಕ್ಕೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಬಾಯಲ್ಲಿ ಗಾಳಿ ತಡೆಯುವ ಚೋಕ್ ತಗಡು ಪೂರ್ತಿ ತೆರೆದುಕೊಂಡಿದೆ ಎಂದು ತಿಳಿಯಬೇಡಿ. ಕೇಬಲ್ ಒಣಗಿ ಬಿಗಿಯಾಗಿದ್ದರೆ ತಗಡು ಅರ್ಧಕ್ಕೇ ನಿಲ್ಲುತ್ತದೆ. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ, ಇನ್ನೊಬ್ಬರಿಂದ ಗುಂಡಿಯನ್ನು ಎಳೆಸಿ, ಒತ್ತಿಸಿ, ಕಣ್ಣಾರೆ ನೋಡಿ. ಆಕ್ಸಿಲರೇಟರ್ ಕೇಬಲ್ಲಿನಲ್ಲಿಯೂ ಕೊಂಚ ಸಡಿಲಿರಬೇಕು. ಇವೆರಡನ್ನೂ ನೋಡುವ ಮೊದಲು ಐಡ್ಲಿಂಗ್ ಸ್ಕ್ರೂ (ನಿಂತಲ್ಲಿ ಇಂಜಿನ್ ಓಡುವ ವೇಗ ಹೊಂದಿಸುವ ತಿರುಪು) ಮುಟ್ಟಬೇಡಿ.

ಗದಗದ ಸದಸ್ಯರು: ನನ್ನದು ಕಾರ್ಬೊರೇಟರ್ ಇರುವ 1997ರ ಝೆನ್. ಒಂದು ತಿಂಗಳಿನಿಂದ ಇಂಜಿನ್ ಬಿಸಿಯಾದ ಮೇಲೂ ರೇಸ್ ಇಳಿಯುತ್ತಿಲ್ಲ. ಇಲ್ಲಿಯ ಗ್ಯಾರೇಜಿನಲ್ಲಿ ಮೀಟರ್ ಹಚ್ಚಿದಾಗ ನಿಮಿಷಕ್ಕೆ 1,700 ಸುತ್ತು ತೋರಿಸಿತು. ಸ್ಕ್ರೂ ಪೂರ್ತಿ ಹಿಂದೆ ತಿರುಗಿಸಿದರೂ 1,500ಕ್ಕಿಂತ ಕೆಳಗೆ ಬರಲಿಲ್ಲ. ಬ್ರೇಕ್ ಒತ್ತಿ ಹಿಡಿದಾಗ ಕಾಲಿನ ಹತ್ತಿರ ಗಾಳಿ ಹೋದಂತಹ ಸದ್ದು ಬರುತ್ತದೆ. ಪೆಡಲ್ ಕೂಡ ಈಚೆಗೆ ಗಟ್ಟಿಯಾಗಿದೆ, ಆದರೆ ಅದು ಬೇರೆ ವಿಷಯವಿರಬಹುದು. ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಅಂಕೋಲೆಗೆ ಹೋಗಬೇಕಾಗಿದೆ.

ಮೇಸ್ತ್ರಿ: ಅದು ಬೇರೆ ವಿಷಯವಲ್ಲ, ಎರಡೂ ಒಂದೇ ರೋಗದ ಲಕ್ಷಣಗಳು ಎಂದು ನನಗೆ ಅನ್ನಿಸುತ್ತಿದೆ. ದಯವಿಟ್ಟು ಇದನ್ನು ಪೂರ್ತಿ ಓದಿ. ಈ ಇಂಜಿನ್ ಬಿಸಿಯಾದ ಮೇಲೆ ಸುಮಾರು 800ರಿಂದ 900 ಸುತ್ತಿನಲ್ಲಿ ನಿಲ್ಲಬೇಕು. ಸ್ಕ್ರೂ ಪೂರ್ತಿ ಬಿಟ್ಟರೂ ಇಳಿಯುತ್ತಿಲ್ಲವೆಂದರೆ, ಒಂದೋ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ತಗಡು) ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಥ್ರಾಟಲ್ ದಾಟಿದ ಮೇಲೆ ಎಲ್ಲಿಂದಲೋ ಗಾಳಿ ಒಳಗೆ ನುಗ್ಗುತ್ತಿದೆ. ಹಾಗೆ ನುಗ್ಗಲು ಕಾರ್ಬೊರೇಟರ್ ಬುಡದ ಪ್ಯಾಕಿಂಗ್, ಮ್ಯಾನಿಫೋಲ್ಡ್ (ಕಾರ್ಬೊರೇಟರಿನಿಂದ ಇಂಜಿನ್ನಿಗೆ ಹೋಗುವ ಕೊಳವೆ) ಗ್ಯಾಸ್ಕೆಟ್, ಇಂಜಿನ್ನಿನ ಎಳೆತವಾದ ವ್ಯಾಕ್ಯೂಮ್ ಒಯ್ಯುವ ಸಣ್ಣ ಪೈಪುಗಳು ಹೀಗೆ ಹಲವು ದಾರಿಗಳಿವೆ. ಆದರೆ ನೀವು ಹೇಳಿದ ಸದ್ದು ಮತ್ತು ಗಟ್ಟಿ ಪೆಡಲ್ ಎರಡೂ ಬ್ರೇಕ್ ಬೂಸ್ಟರ್ ಕಡೆಗೇ ಬೆರಳು ತೋರಿಸುತ್ತವೆ. ಬೂಸ್ಟರ್ ಎಂದರೆ ಪೆಡಲಿನ ಮುಂದೆ ಇರುವ ದುಂಡನೆಯ ದೊಡ್ಡ ಡಬ್ಬಿ. ಅದು ಮ್ಯಾನಿಫೋಲ್ಡಿನಿಂದ ದಪ್ಪ ಪೈಪಿನ ಮೂಲಕ ವ್ಯಾಕ್ಯೂಮ್ ಪಡೆದು ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುತ್ತದೆ. ಅದರೊಳಗಿನ ರಬ್ಬರ್ ಪರದೆ ಹರಿದರೆ ಹೊರಗಿನ ಗಾಳಿ ಅದೇ ಪೈಪಿನ ಮೂಲಕ ಇಂಜಿನ್ನಿಗೆ ಸೇರಿ ರೇಸ್ ಏರುತ್ತದೆ, ಬ್ರೇಕಿಗೆ ಸಿಗಬೇಕಾದ ಸಹಾಯವೂ ಕಡಿಮೆಯಾಗುತ್ತದೆ.

ಇಂದೇ ಎರಡು ಪರೀಕ್ಷೆ ಮಾಡಿ. ಮೊದಲು ಇಂಜಿನ್ ಬಂದ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಿ; ಆಮೇಲೆ ಒತ್ತಿ ಹಿಡಿದೇ ಚಾಲೂ ಮಾಡಿ. ಬೂಸ್ಟರ್ ಸರಿಯಿದ್ದರೆ ಪೆಡಲ್ ಕಾಲಿನ ಕೆಳಗೆ ತುಸು ಇಳಿಯಬೇಕು. ಎರಡನೆಯದಾಗಿ, ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಇಂಜಿನ್ ಓಡುತ್ತಿರುವಾಗ ಆ ದಪ್ಪ ಪೈಪನ್ನು ಇಕ್ಕಳದಿಂದ ಬಟ್ಟೆ ಸುತ್ತಿ ಒಂದು ಕ್ಷಣ ಹಿಸುಕಿ. ರೇಸ್ ತಟ್ಟನೆ ಇಳಿದರೆ ಗಾಳಿ ಬರುತ್ತಿರುವುದು ಬೂಸ್ಟರ್ ಕಡೆಯಿಂದಲೇ. ಫಲಿತಾಂಶ ಬರೆಯಿರಿ, ಕಾಯುತ್ತಿರುತ್ತೇನೆ.

ರಾಣೆಬೆನ್ನೂರಿನ ಸದಸ್ಯರು: ನಮ್ಮ ಮಾರುತಿ 800 ಕೂಡ ಚೋಕ್ ಒತ್ತಿದ ಮೇಲೆ ರೇಸ್ ಇರುತ್ತದೆ. ಏನು ಮಾಡಬೇಕು?

ಮೇಸ್ತ್ರಿ: ಧಾರವಾಡದವರಿಗೆ ಕೊಟ್ಟ ಉತ್ತರವನ್ನು ಓದಿ.

ಹಾವೇರಿಯ ಸದಸ್ಯರು: ನನಗೊಂದು ಸಂದೇಶ ಬಂದಿದೆ, ಎಲ್ಲರಿಗೂ ಉಪಯೋಗವಾಗಲೆಂದು ಹಾಕುತ್ತಿದ್ದೇನೆ: ‘ಬೂಸ್ಟರಿನ ಪೈಪ್ ಕಳಚಿ ಬಾಯಿಗೆ ಬೋಲ್ಟ್ ಜಡಿದರೆ ರೇಸ್ ಇಳಿಯುತ್ತದೆ. ಗಾಳಿ ಸೋರುವ ಜಾಗ ಗೊತ್ತಾಗದಿದ್ದರೆ ಓಡುವ ಇಂಜಿನ್ನಿನ ಮೇಲೆ ಪೆಟ್ರೋಲ್ ಚಿಮುಕಿಸಿ.’

ಮೇಸ್ತ್ರಿ: ಇದನ್ನು ದಯವಿಟ್ಟು ಅಳಿಸಿ. ಪೈಪಿಗೆ ಬೋಲ್ಟ್ ಜಡಿದರೆ ರೇಸ್ ಇಳಿಯುವುದು ನಿಜ, ಅದರ ಜೊತೆಗೆ ಬ್ರೇಕಿನ ಸಹಾಯವೂ ಪೂರ್ತಿ ಹೋಗುತ್ತದೆ. ಮುಂದೆ ಆ ಗಾಡಿ ಓಡಿಸುವವರಿಗೆ ಅದು ತಿಳಿಯುವುದು ಎಮ್ಮೆ ಅಡ್ಡ ಬಂದಾಗ. ಬಿಸಿ ಸೈಲೆನ್ಸರ್ ಕೊಳವೆ, ಕಿಡಿ ಹಾರುವ ಪ್ಲಗ್ ವೈರ್ ಇರುವಲ್ಲಿ ಪೆಟ್ರೋಲ್ ಚಿಮುಕಿಸಿದರೆ ಗಾಡಿಯೂ ಕೈಯೂ ಸುಡುತ್ತವೆ. ಸೋರಿಕೆ ಹುಡುಕಲು ಬಾಟಲಿಯಿಂದ ಸ್ವಲ್ಪ ನೀರನ್ನು ಕಾರ್ಬೊರೇಟರ್ ಬುಡದ ಸುತ್ತ ಮಾತ್ರ ಚಿಮುಕಿಸಿ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ತಾಗಿಸಬೇಡಿ. ನೀರು ಒಳಗೆ ಎಳೆದುಕೊಂಡ ಕಡೆ ಇಂಜಿನ್ನಿನ ಸದ್ದು ಬದಲಾಗುತ್ತದೆ.

ಹಾವೇರಿಯ ಸದಸ್ಯರು: ಒಳ್ಳೆಯದಕ್ಕೆಂದು ಹಾಕಿದೆ. ಇದಕ್ಕೆಲ್ಲ ಮೂಲ ಎಥನಾಲ್ ಬೆರೆಸಿದ ಪೆಟ್ರೋಲ್, ಅದನ್ನು ಯಾರೂ ಹೇಳುವುದಿಲ್ಲ.

ಧಾರವಾಡದ ಸದಸ್ಯರು: ಇಪ್ಪತ್ತೈದು ವರ್ಷ ದಾಟಿದ ರಬ್ಬರ್ ತಾನಾಗಿಯೇ ಬಿರಿಯುತ್ತದೆ. ಎಲ್ಲದಕ್ಕೂ ಪೆಟ್ರೋಲನ್ನೇ ದೂರುವುದು ಸರಿಯಲ್ಲ.

ಹಾವೇರಿಯ ಸದಸ್ಯರು: ನನ್ನ ಗಾಡಿಯ ಪೈಪ್ ಎರಡು ವರ್ಷದಲ್ಲಿ ಎರಡು ಸಲ ಮೆತ್ತಗಾಗಿದೆ. ನೀವು ಬಂದು ನೋಡಿದ್ದೀರಾ?

ಧಾರವಾಡದ ಸದಸ್ಯರು: ಅಗ್ಗದ ಪೈಪ್ ಹಾಕಿಸಿದರೆ ಇನ್ನೇನಾಗುತ್ತದೆ?

ಶಿಗ್ಗಾಂವಿಯ ಸದಸ್ಯರು: ಗ್ಯಾಸ್ ಕಿಟ್ ಹಾಕಿದ ಓಮ್ನಿ ಪೆಟ್ರೋಲಿನಲ್ಲಿ ಸರಿಯಿದ್ದು ಗ್ಯಾಸಿನಲ್ಲಿ ಮಾತ್ರ ರೇಸ್ ಆಗುತ್ತದೆ. ಯಾರಾದರೂ ಹೇಳುವಿರಾ?

ಹಾವೇರಿಯ ಸದಸ್ಯರು: ಅಗ್ಗದ್ದೆಂದು ನಿಮಗೆ ಯಾರು ಹೇಳಿದರು? ತಿಳಿಯದೆ ಮಾತನಾಡಬೇಡಿ.

ಮೇಸ್ತ್ರಿ: ಇಬ್ಬರೂ ನಿಲ್ಲಿಸಿ. ಹಳೆಯ ಗಾಡಿಯ ಪೆಟ್ರೋಲ್ ಪೈಪನ್ನು ಎಥನಾಲ್ ಮೆತ್ತಗೆ ಮಾಡಬಹುದು, ಆದ್ದರಿಂದ ಅದಕ್ಕೆ ತಾಳುವ ಪೈಪನ್ನೇ ಹಾಕಿಸಬೇಕು. ಆದರೆ ಬೂಸ್ಟರಿನ ಪೈಪಿನಲ್ಲಿ ಪೆಟ್ರೋಲ್ ಹರಿಯುವುದಿಲ್ಲ. ಗದಗದವರ ತೊಂದರೆಗೂ ನಿಮ್ಮ ವಾದಕ್ಕೂ ಸಂಬಂಧವಿಲ್ಲ.

ನರಗುಂದದ ಸದಸ್ಯರು: 2004ರ ಎಂಪಿಎಫ್‌ಐ (ಕಾರ್ಬೊರೇಟರ್ ಇಲ್ಲದೆ ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ) ಗಾಡಿಯಲ್ಲಿ ಐಡ್ಲಿಂಗ್ ಸ್ಕ್ರೂ ಎಷ್ಟು ಸುತ್ತು ತಿರುಗಿಸಬೇಕು?

ಮೇಸ್ತ್ರಿ: ತಿರುಗಿಸಬಾರದು. ಐಡಲ್ ವಾಲ್ವಿನ ಮಸಿ ಮತ್ತು ಕೂಲಂಟ್ ಸೆನ್ಸರ್ ನೋಡಿಸಿ.

ರಾಣೆಬೆನ್ನೂರಿನ ಸದಸ್ಯರು: ಓದಿದೆ, ಆದರೂ ಸ್ಕ್ರೂ ಸ್ವಲ್ಪ ಇಳಿಸಿದರೆ ಸಾಲದೇ?

ಮೇಸ್ತ್ರಿ: ಸಾಲದು.

ಗದಗದ ಸದಸ್ಯರು: ಎರಡೂ ಮಾಡಿದೆ. ಚಾಲೂ ಮಾಡಿದಾಗ ಪೆಡಲ್ ಕಾಲಿನ ಕೆಳಗೆ ಇಳಿಯಲೇ ಇಲ್ಲ. ಪೈಪ್ ಹಿಸುಕಿದ ಕೂಡಲೇ ಇಂಜಿನ್ ಬಂದ್ ಬೀಳುವಷ್ಟು ರೇಸ್ ಇಳಿಯಿತು. ಊರಿನೊಳಗೆ ಬ್ರೇಕ್ ಹಿಡಿಯುತ್ತಿದೆ, ನಿಧಾನವಾಗಿ ಹೋದರೆ ಆಗುವುದಿಲ್ಲವೇ?

ಮೇಸ್ತ್ರಿ: ಆಗುವುದಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಐದು ಜನರ ಭಾರವಿರುತ್ತದೆ, ಮುಂದೆ ಲಾರಿಗಳಿರುತ್ತವೆ, ಪ್ರತಿ ತಿರುವಿನಲ್ಲಿಯೂ ಬ್ರೇಕ್ ಒತ್ತಬೇಕಾಗುತ್ತದೆ. ಆ ಪೆಡಲನ್ನು ಅಷ್ಟು ಬಲದಿಂದ ಮತ್ತೆ ಮತ್ತೆ ಒತ್ತಲು ನಿಮ್ಮ ಕಾಲಿಗೆ ಆಗದು. ಬಂದ್ ಬಿದ್ದಂತಾದದ್ದು ಸ್ಕ್ರೂ ಪೂರ್ತಿ ಹಿಂದಿರುವುದರಿಂದ, ಅದಕ್ಕೆ ಹೆದರಬೇಡಿ. ಬೂಸ್ಟರ್ ಬದಲಿಸಲು ಹೇಳಿ. ಬಿಚ್ಚಿದಾಗ ಒಳಗೆ ಬ್ರೇಕ್ ಆಯಿಲ್ ಕಂಡರೆ ಆ ಆಯಿಲನ್ನು ಗಾಲಿಗಳ ಬ್ರೇಕಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ ಸೋರುತ್ತಿದೆ, ಆಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಸ್ಕ್ರೂ ಮುಟ್ಟುವುದು ಇಷ್ಟಾದ ಮೇಲೆ, ಮೀಟರ್ ಹಚ್ಚಿ. ಗ್ಯಾರೇಜಿನವರು ಪೈಪಿಗೆ ಬೋಲ್ಟ್ ಜಡಿಯುತ್ತೇವೆ ಎಂದರೆ ಗಾಡಿಯನ್ನು ಅಲ್ಲಿ ಬಿಡಬೇಡಿ. ಭಾನುವಾರ ಮನೆಯವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ.

ಗದಗದ ಸದಸ್ಯರು: ಆಗಲಿ. ಬಸ್ಸಿನಲ್ಲಿಯೇ ಹೋಗುತ್ತೇವೆ.